ಬಾವಿಗೂ ಗುಂಡಿಗೂ ಎಷ್ಟು ಅಡಿ?



ಮಳೆ ಹಿಡಿದು ಕೆಲವು ವಾರ ಕಳೆದವೆಂದರೆ ಕಾರವಾರ, ಅಂಕೋಲಾ ಕಡಲಬದಿಯ ಕೇರಿಗಳಲ್ಲಿ ವಾಂತಿಭೇದಿಯ ಮಾತು ಶುರು. ಆಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಬೀಳುತ್ತದೆ, ನೀರು ಕುದಿಸಿ ಕುಡಿಯಿರೆಂದು ಮನೆಮನೆಗೆ ಬಂದು ಹೇಳುತ್ತಾರೆ. ಅದು ಬೇಕಾದದ್ದೇ. ಆದರೆ ಜನ ಹಾಸಿಗೆ ಹಿಡಿದ ಮೇಲೆಯೇ ಏಕೆ? ಮೇ ತಿಂಗಳಲ್ಲೇ ಬರಬಾರದೇ?

ನಮ್ಮದು ಉಸುಕಿನ ನೆಲ. ಬೇಸಿಗೆಯಲ್ಲಿ ತಳ ಕಾಣುವ ಬಾವಿ ಜುಲೈಯಲ್ಲಿ ಬಗ್ಗಿ ಕೊಡ ಅದ್ದುವಷ್ಟು ತುಂಬಿರುತ್ತದೆ. ಆ ಹೊತ್ತಿಗೆ ಶೌಚದ ಗುಂಡಿಯೂ ಅದೇ ನೀರಿನಲ್ಲಿ ಮುಳುಗಿರುತ್ತದೆ. ಎರಡರ ನಡುವೆ ಕನಿಷ್ಠ 50 ಅಡಿ ಅಂತರ ಬೇಕೆನ್ನುತ್ತಾರೆ. ನಾಲ್ಕು ಗುಂಟೆಯಲ್ಲಿ ಮನೆ, ಬಾವಿ, ಬಚ್ಚಲು, ಗುಂಡಿ ಎಲ್ಲ ಆಗಬೇಕಾದವರು ಆ 50 ಅಡಿಯನ್ನು ಎಲ್ಲಿಂದ ತರಬೇಕು? ಹೋದ ಮಳೆಗಾಲದಲ್ಲಿ ನನ್ನ ಮೊಮ್ಮಗಳು ಮೂರು ದಿನ ಸಲೈನ್ ಮೇಲಿದ್ದಳು. ಅವಳು ಮನೆಗೆ ಬಂದ ದಿನ ಟೇಪು ಹಿಡಿದು ಅಳೆದೆ. ನಮ್ಮ ಗುಂಡಿ ಬಾವಿಯಿಂದ 22 ಅಡಿ, ಪಕ್ಕದ ಮನೆಯದು 18.

ಗ್ರಾಮೀಣ ಭಾರತ ಬಯಲು ಶೌಚಮುಕ್ತವೆಂದು 2019ರ ಅಕ್ಟೋಬರ್ 2ರಂದು ಘೋಷಣೆಯಾಯಿತು. ಶೌಚಾಲಯ ಬಂದದ್ದರಿಂದ ಹೆಂಗಸರಿಗೆ ಕತ್ತಲಾಗುವುದನ್ನು ಕಾಯುವ ಸಂಕಟ ತಪ್ಪಿತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಮ್ಮ ಕೇರಿಯಲ್ಲಿ ಶೌಚಾಲಯಗಳನ್ನು ಎಣಿಸಿಕೊಂಡು ಹೋದವರು ಗುಂಡಿಯಿಂದ ಬಾವಿಗೆ ಎಷ್ಟು ದೂರ ಎಂದು ಕೇಳಲಿಲ್ಲ. ಗುಂಡಿ ತುಂಬಿದಾಗ ಟ್ಯಾಂಕರಿನವರು ಹೀರಿಕೊಂಡು ಹೋಗಿ ಎಲ್ಲಿ ಸುರಿಯುತ್ತಾರೆಂದೂ ಕೇಳಲಿಲ್ಲ.

ಕಾಲರಾ ಅಜ್ಜಂದಿರ ಕಾಲಕ್ಕೇ ಮುಗಿಯಿತೆಂದು ತಿಳಿಯುವುದು ಬೇಡ. 2024ರ ಏಪ್ರಿಲಿನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ 40ಕ್ಕೂ ಹೆಚ್ಚು ವಿದ್ಯಾರ್ಥಿನಿಯರು ಆಸ್ಪತ್ರೆ ಸೇರಿದರು, ಕೆಲವರಿಗೆ ಕಾಲರಾ ಎಂದೇ ಖಚಿತವಾಯಿತು. ಅದರ ಹಿಂದಿನ ವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಉಪ್ಪು, ಸಕ್ಕರೆ ಬೆರೆಸಿದ ನೀರೇ ಕಾಲರಾ ರೋಗಿಯ ಜೀವ ಉಳಿಸಬಲ್ಲದೆಂದು ಡಾ. ದಿಲೀಪ್ ಮಹಾಲನಬಿಸ್ 1971ರಲ್ಲೇ ಬಾಂಗ್ಲಾ ನಿರಾಶ್ರಿತರ ನಡುವೆ ತೋರಿಸಿಕೊಟ್ಟರು. ಆ ಉಪ್ಪು-ಸಕ್ಕರೆಯ ಪೊಟ್ಟಣ ಇಂದು ನಮ್ಮ ಆಶಾ ಕಾರ್ಯಕರ್ತೆಯರ ಚೀಲದಲ್ಲಿದೆ. ರೋಗಿ ಅದರಿಂದ ಬದುಕುತ್ತಾನೆ, ಬಾವಿ ಹಾಗೇ ಉಳಿಯುತ್ತದೆ.

ಕೇಳುವುದು ದೊಡ್ಡದೇನಲ್ಲ. ನೀರು ತುಂಬಿಸಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗಿ ಮಲಿನತೆ ತೋರಿಸುವ ಪುಟ್ಟ ಬಾಟಲಿಗಳಿವೆ. ಜಲಜೀವನ್ ಯೋಜನೆಯಲ್ಲಿ ನೀರು ಪರೀಕ್ಷಿಸಲು ಊರಿನ ಹೆಂಗಸರಿಗೇ ತರಬೇತಿ ಕೊಡುವ ಏರ್ಪಾಟಿದೆ. ಮಳೆಗೆ ಮೊದಲೊಮ್ಮೆ, ಜುಲೈಯಲ್ಲೊಮ್ಮೆ ಪ್ರತಿ ಬಾವಿಯ ನೀರು ನೋಡಿ ಫಲಿತಾಂಶವನ್ನು ಬಾವಿಕಟ್ಟೆಯ ಮೇಲೆಯೇ ಬರೆಯಲಿ. ಕಪ್ಪಾದ ಕಡೆ ಮೊದಲು ನಳದ ನೀರು ಕೊಡಲಿ. ಗಂಗಾವಳಿ ನದಿಯ ನೀರನ್ನು ಕಾರವಾರದವರೆಗೆ ಒಯ್ಯಬಲ್ಲವರಿಗೆ ದಾರಿಯ ಕೇರಿಗಳು ದೂರವಲ್ಲ. ಟ್ಯಾಂಕರುಗಳು ಸುರಿಯುವ ಜಾಗವನ್ನೂ ಎರಡೂ ತಾಲೂಕುಗಳಲ್ಲಿ ಗೊತ್ತುಮಾಡಿ ಜನರಿಗೆ ತಿಳಿಸಲಿ.

ನಮ್ಮ ಕೇರಿಯ ಹನ್ನೊಂದು ಬಾವಿಗಳ ಅಳತೆ ಬರೆದಿಟ್ಟಿದ್ದೇನೆ. 50 ಅಡಿಗಿಂತ ದೂರ ಗುಂಡಿ ಇರುವುದು ಎರಡಕ್ಕೆ ಮಾತ್ರ. ಅಧಿಕಾರಿಗಳು ಯಾರೇ ಬಂದರೂ ಆ ಹಾಳೆ ಕೊಡುತ್ತೇನೆ, ಜೊತೆಗೆ ನಿಂತು ಬಾವಿಗಳನ್ನೂ ತೋರಿಸುತ್ತೇನೆ.

– ಓರ್ವ ಹಿರಿಯ ಓದುಗ, ಅಂಕೋಲಾ