ಅವರ ಕಥೆಗೂ ನಮ್ಮ ಕಥೆಗೂ ಒಂದೇ ತಕ್ಕಡಿ

"ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡರೆಂದು ಪುಸ್ತಕದಲ್ಲೇ ಇದೆಯಂತೆ. ಅಚ್ಚಾದದ್ದೂ ಸುಳ್ಳಾಗುತ್ತದೆಯೇ ಉಸ್ತಾದರೇ?" ಬೀಜಾಡಿಯ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿಯೋರ್ವ ಈಚೆಗೆ ಹೀಗೆ ಕೇಳಿದ.

ಖಂಡಿತ ಆಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಸೇನೆಯೊಡನೆ ಕಾದಾಡುತ್ತಾ ಟಿಪ್ಪು ಮಡಿದರು. ಕೋಟೆಯ ದ್ವಾರದಲ್ಲಿ ಶವಗಳ ರಾಶಿಯಡಿ ಅವರ ದೇಹ ದೊರೆತುದನ್ನು ಯುದ್ಧದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಆ ಬರಹಗಳಲ್ಲಿ ಉರಿಗೌಡರೂ ಇಲ್ಲ, ನಂಜೇಗೌಡರೂ ಇಲ್ಲ. ಆದರೂ 2022ರಲ್ಲಿ ಮೈಸೂರಿನ ರಂಗಾಯಣದ ನಾಟಕದಲ್ಲಿ ಅವರು ವೇದಿಕೆಯೇರಿದರು. 2023ರ ಮಾರ್ಚಿನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಮಂಡ್ಯದ ಸ್ವಾಗತ ಕಮಾನಿಗೂ ಅವರ ಹೆಸರು ಬಂತು. ಅಂದಿನ ಸಚಿವ ಮುನಿರತ್ನ ಚಲನಚಿತ್ರಕ್ಕೂ ಸಿದ್ಧರಾದರು. ಆಧಾರವೆಲ್ಲಿದೆಯೆಂದು ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಕೇಳಿದ ಮೇಲಷ್ಟೇ ಅದು ನಿಂತಿತು. ಒಕ್ಕಲಿಗರನ್ನೂ ಮುಸ್ಲಿಮರನ್ನೂ ಎದುರುಬದುರು ನಿಲ್ಲಿಸುವ ಕಥೆಯನ್ನು ತಡೆದದ್ದು ಒಂದು ಸರಳ ಪ್ರಶ್ನೆ!

ಈ ಪ್ರಶ್ನೆ ನಮಗೆ ಹೊಸದೇನಲ್ಲ. ಹೇಳಿದವನಾರು? ಯಾರಿಂದ ಕೇಳಿದ? ಅವರಿಬ್ಬರು ಭೇಟಿಯಾಗಲು ಸಾಧ್ಯವಿತ್ತೇ? ಅವನ ಪ್ರಾಮಾಣಿಕತೆ, ಸ್ಮರಣಶಕ್ತಿ ಎಂತಹದು? ಹೀಗೆ ಅಳೆದೇ ಹದೀಸ್ ವಿದ್ವಾಂಸರು ಪ್ರತಿ ವರದಿಯನ್ನೂ ಪ್ರಬಲ, ಉತ್ತಮ, ದುರ್ಬಲ, ಕೃತ್ರಿಮವೆಂದು ವಿಂಗಡಿಸಿದರು. ಪ್ರವಾದಿಯವರ(ಸ) ಹೆಸರಿದ್ದ ಮಾತ್ರಕ್ಕೆ ಯಾವುದನ್ನೂ ಅವರು ಒಪ್ಪಲಿಲ್ಲ.

ವಿಪರ್ಯಾಸವೆಂದರೆ, ಈ ತಕ್ಕಡಿಯನ್ನು ನಾವು ಪರರ ಬರಹಕ್ಕಷ್ಟೇ ಹಿಡಿಯುತ್ತೇವೆ. 1990ರಲ್ಲಿ ದೂರದರ್ಶನದಲ್ಲಿ ಆರಂಭವಾದ ಟಿಪ್ಪು ಧಾರಾವಾಹಿಗೆ ಭಗವಾನ್ ಗಿಡ್ವಾನಿಯವರ ಕಾದಂಬರಿಯೇ ಆಧಾರ. ಇದು ಕಾಲ್ಪನಿಕವೆಂಬ ಸೂಚನೆಯೊಂದಿಗೇ ಅದು ಪ್ರಸಾರವಾಯಿತು. ನಾವು ಸೂಚನೆಯನ್ನು ಮರೆತೆವು, ಕಥೆಯನ್ನು ಚರಿತ್ರೆಯೆಂದು ನೆನಪಿಟ್ಟುಕೊಂಡೆವು. ಕರಾವಳಿಯ ಕ್ರೈಸ್ತರನ್ನು 1784ರಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೊಯ್ದುದು ಚರಿತ್ರೆ. ನಮ್ಮ ವೇದಿಕೆಗಳಲ್ಲಿ ಅದರ ಪ್ರಸ್ತಾಪ ಎಷ್ಟು ಬಾರಿ ಬಂದಿದೆ? ಇಲ್ಲದ್ದನ್ನು ಸೇರಿಸುವುದು ಕಟ್ಟುಕಥೆಯಾದರೆ, ಇದ್ದುದನ್ನು ಬಚ್ಚಿಡುವುದು ಇನ್ನೇನು?

ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ. ಆದರೆ ಕಲ್ಪನೆಗೆ ಚರಿತ್ರೆಯ ವೇಷ ತೊಡಿಸಿ ಮತ ಕೇಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಅಂತಹ ಬರಹಕ್ಕೆ ನಿಷೇಧ ಕೇಳುವುದು ಸುಲಭ, ಆಧಾರ ಕೇಳುವುದು ಕಷ್ಟ. ಏಕೆಂದರೆ ಆಧಾರ ಕೇಳುವವನು ತನ್ನ ಮಾತಿಗೂ ಆಧಾರ ಕೊಡಬೇಕಾಗುತ್ತದೆ. ಬೀಜಾಡಿಯ ಆ ಹುಡುಗನಂತೆ ನಮ್ಮ ಮಕ್ಕಳು ಪ್ರಶ್ನಿಸಲಿ. ಮೊದಲ ಪ್ರಶ್ನೆ ನಮಗೇ ಬರಲಿ.