ಕಿಸೆಯ ಚಾಕುವಿಗೆ ಮೊನೆ ಯಾಕೆ ಬೇಕು?

ಮಳೆಗಾಲ ಶುರುವಾಯಿತೆಂದರೆ ಹಾಸ್ಟೆಲ್ ಹುಡುಗರಿಗೆ ಚಾರಣದ ಹುಚ್ಚು ಹಿಡಿಯುತ್ತದೆ. ಶನಿವಾರ ಬಂದರೆ ಸಾಕು, ಯಾಣ, ಮಾಗೋಡು, ಸಾತೊಡ್ಡಿ ಎಂದು ಲೆಕ್ಕ ಹಾಕುತ್ತಾರೆ. ಶೂ, ರೇನ್‌ಕೋಟು, ಟಾರ್ಚುಗಳ ಜೊತೆಗೆ ಈಗೀಗ ಬ್ಯಾಗಿಗೆ ಇನ್ನೊಂದು ವಸ್ತು ಸೇರಿದೆ. ಆನ್‌ಲೈನಿನಲ್ಲಿ ತರಿಸಿದ ಮಡಚುವ ಚಾಕು. ಕಪ್ಪು ಬಣ್ಣ, ಅರ್ಧ ಅಲಗಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ಗಾಜು ಒಡೆಯುವ ಮೊಳೆ, ಹೆಸರಿನಲ್ಲಿ ‘ಕಮಾಂಡೊ’ ಅಥವಾ ‘ಟ್ಯಾಕ್ಟಿಕಲ್’. ನೋಡಲು ಭರ್ಜರಿ. ಆದರೆ ಅದರಿಂದ ಸೌತೆಕಾಯಿ ಹೆಚ್ಚಿ ನೋಡಿ. ಹೋಳಾಗುವುದಿಲ್ಲ, ಸೀಳಿಕೊಂಡು ಸಿಡಿಯುತ್ತದೆ. ನಾಲ್ಕು ಮಿ.ಮೀ. ದಪ್ಪದ ಅಲಗು ಚಾಕುವಿನಂತೆ ಕತ್ತರಿಸುವುದಿಲ್ಲ, ಕಟ್ಟಿಗೆ ಸೀಳುವ ಬೆಣೆಯಂತೆ ವರ್ತಿಸುತ್ತದೆ.

ಕಾಡುಮೇಡು ಸುತ್ತುವಾಗ ಚಾಕುವಿನ ಕೆಲಸವಾದರೂ ಏನು? ಟೆಂಟಿನ ಹಗ್ಗ ಕತ್ತರಿಸುವುದು, ಬಾಳೆ ಎಲೆ ಕೊಯ್ಯುವುದು, ಈರುಳ್ಳಿ ಹೆಚ್ಚುವುದು, ಬಿಸ್ಕೀಟಿನ ಪೊಟ್ಟಣ ಬಿಚ್ಚುವುದು, ಕಿತ್ತುಹೋದ ಬ್ಯಾಗಿನ ಪಟ್ಟಿಗೆ ತೂತು ಮಾಡುವುದು. ಹುಲಿಯ ಜೊತೆ ಸೆಣಸುವ ಪ್ರಸಂಗ ನನಗೆ ಗೊತ್ತಿರುವ ಯಾರಿಗೂ ಇದುವರೆಗೆ ಬಂದಿಲ್ಲ.

ಸೈನಿಕರ ಚಾಕು ಎಂದು ಜಗತ್ತೆಲ್ಲ ಕೊಂಡಾಡುವ ಸ್ವಿಸ್ ಚಾಕುವನ್ನೇ ನೋಡಿ. ಕಾರ್ಲ್ ಎಲ್ಸೆನರ್ 1891ರಲ್ಲಿ ಸ್ವಿಟ್ಜರ್ಲೆಂಡಿನ ಸೇನೆಗೆ ಒದಗಿಸಿದ ಚಾಕುವಿನಲ್ಲಿ ಒಂದು ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್, ತೂತು ಕೊರೆಯುವ ದಬ್ಬಳ ಇದ್ದವು. ಊಟದ ಡಬ್ಬಿ ತೆರೆಯಬೇಕು, ಬಂದೂಕು ಬಿಚ್ಚಿ ಜೋಡಿಸಬೇಕು, ಅಷ್ಟಕ್ಕೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕುವಂತೂ ರೈತರದ್ದು. ಮರದ ಹಿಡಿ, ತೆಳು ಅಲಗು, ಅಷ್ಟೇ. ಅಲಗು ಮಡಚಿ ಬೆರಳು ಕೊಯ್ಯದಿರಲಿ ಎಂದು ತಿರುಗಿಸುವ ಉಂಗುರ ಬಂದದ್ದು 1955ರಲ್ಲಿ. ಅದರ ಆಕಾರ ಇವತ್ತಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಹಾನಗಲ್ ಸೀಮೆ ಮಾವಿನದು. ಇಲ್ಲಿ ಕಸಿ ಕಟ್ಟುವವರ ಕಿಸೆಯಲ್ಲಿರುವ ಮಡಚುವ ಚಾಕುವಿನಷ್ಟು ಅಚ್ಚುಕಟ್ಟಾದ ಸಾಧನವನ್ನು ನಾನು ನಮ್ಮ ವರ್ಕ್‌ಶಾಪಿನಲ್ಲೂ ನೋಡಿಲ್ಲ. ಅದರ ಅಲಗು ಒಂದು ಬದಿ ಪೂರ್ತಿ ಸಪಾಟು, ಇನ್ನೊಂದು ಬದಿ ಮಾತ್ರ ಇಳಿಜಾರು. ಕಸಿಕಡ್ಡಿಯನ್ನು ಬೆಣೆಯಂತೆ ಕೆತ್ತುವಾಗ ಆ ಸಪಾಟು ಬದಿ ಕಡ್ಡಿಗೆ ಒತ್ತಿಕೊಂಡು ಜಾರುತ್ತದೆ, ಕೊಯ್ದ ಮೈ ಗಾಜಿನಷ್ಟು ನುಣುಪಾಗುತ್ತದೆ. ನುಣುಪಾದರೆ ತಾಯಿಗಿಡಕ್ಕೆ ಸಂದಿಲ್ಲದೆ ಕೂಡುತ್ತದೆ. ಉಬ್ಬುತಗ್ಗಾದರೆ ಕಸಿ ಹಿಡಿಯುವುದಿಲ್ಲ. ಕೆಲಸ ಯಾವುದು ಎಂಬುದು ಮೊದಲು, ಅಲಗಿನ ಆಕಾರ ಆಮೇಲೆ. ಡಿಸೈನ್ ವಿಷಯದಲ್ಲಿ ನಮಗೆ ಒಂದು ಸೆಮಿಸ್ಟರ್ ಪೂರ್ತಿ ಹೇಳುವುದು ಇದನ್ನೇ ಅಲ್ಲವೇ?

ಹಾಗಾದರೆ ಎಂಥದ್ದು ಕೊಳ್ಳಬೇಕು? ನನ್ನ ಅಭಿಪ್ರಾಯ ಇಷ್ಟು. ಅಲಗು ನಾಲ್ಕು ಬೆರಳಿನ ಅಗಲಕ್ಕಿಂತ ಉದ್ದ ಬೇಡ, ಅಂದರೆ ಸುಮಾರು ಮೂರು ಇಂಚು. ದಪ್ಪ ಎರಡು ಮಿ.ಮೀ. ಆಸುಪಾಸು. ಗರಗಸದ ಹಲ್ಲು ಬೇಡವೇ ಬೇಡ, ಮೊಂಡಾದರೆ ಮನೆಯಲ್ಲಿ ಮಸೆಯಲು ಬರುವುದಿಲ್ಲ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಒಳ್ಳೆಯದೋ, ಬೇಗ ಹರಿತವಾಗುವ ಕಾರ್ಬನ್ ಉಕ್ಕು ಒಳ್ಳೆಯದೋ ಎಂಬ ಜಗಳ ಮುಗಿಯುವಂಥದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅರೆಮಲೆನಾಡಿನ ತಂಪಿನಲ್ಲಿ ಕಾರ್ಬನ್ ಉಕ್ಕನ್ನು ಒರೆಸದೆ ಇಟ್ಟರೆ ಬೆಳಗಾಗುವುದರೊಳಗೆ ಕೆಂಪು ಚುಕ್ಕೆ ಏಳುತ್ತವೆ. ಮಾವಿನಕಾಯಿ ಕೊಯ್ದರೆ ಹುಳಿಗೆ ಕಪ್ಪಾಗುತ್ತದೆ. ಕಪ್ಪಾದರೆ ಹೆದರಬೇಡಿ, ಕೆಂಪಾದರೆ ಉಜ್ಜಿ ತೆಗೆದು ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ನಾನು ಕಾರ್ಬನ್ ಉಕ್ಕಿನ ಪಕ್ಷ. ಸೋಮಾರಿಗಳು ಸ್ಟೇನ್‌ಲೆಸ್ ಕೊಳ್ಳಲಿ.

ಲಾಕ್ ಬಗ್ಗೆ ಮಾತ್ರ ಚೌಕಾಶಿ ಬೇಡ. ಹಿಡಿಯೊಳಗಿನ ತಗಡು ಸ್ಪ್ರಿಂಗಿನಂತೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುವ ಲಾಕ್ ಇಂದು ಹೆಚ್ಚು ಚಾಲ್ತಿಯಲ್ಲಿದೆ. ಅಗ್ಗದ ಚಾಕುಗಳಲ್ಲಿ ಆ ತಗಡು ಅಲಗಿನ ಬುಡವನ್ನು ಕೂದಲೆಳೆಯಷ್ಟೇ ಹಿಡಿದಿರುತ್ತದೆ. ತೆರೆದಿಟ್ಟು, ಬೆರಳನ್ನು ಅಲಗು ಮಡಚುವ ದಾರಿಯಿಂದ ದೂರ ಹಿಡಿದು, ಅಲಗಿನ ಬೆನ್ನನ್ನು ಮೇಜಿಗೆ ಮೆಲ್ಲಗೆ ಒತ್ತಿ ನೋಡಿ. ಜಾರಿದರೆ ವಾಪಸ್ ಕೊಡಿ. ಲಾಕ್ ಇಲ್ಲದ, ಬರಿ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುವ ಚಾಕು ಇದಕ್ಕಿಂತ ಸುರಕ್ಷಿತ. ಅದು ಮಡಚಬಹುದು ಎಂಬ ಎಚ್ಚರ ಕೈಗೆ ಇದ್ದೇ ಇರುತ್ತದಲ್ಲ.

ಕೊಂಡ ಚಾಕುವನ್ನು ನಮ್ಮ ಕೈಗೆ ಒಗ್ಗಿಸಿಕೊಳ್ಳುವುದರಲ್ಲಿ ನಿಜವಾದ ಮಜಾ ಇದೆ. ಪೇಂಟ್ ಅಂಗಡಿಯಲ್ಲಿ ಸಿಗುವ 400 ಮತ್ತು 1000 ನಂಬರಿನ ವಾಟರ್ ಪೇಪರನ್ನು ಒಂದು ಟೈಲ್ಸ್ ತುಂಡಿಗೆ ಅಂಟಿಸಿದರೆ ಮಸೆಗಲ್ಲು ತಯಾರು. ಕೋನ ಹೇಗೆ ಅಳೆಯುವುದು? ಅಲಗು 20 ಮಿ.ಮೀ. ಅಗಲವಿದ್ದರೆ ಅದರ ಬೆನ್ನನ್ನು 7 ಮಿ.ಮೀ. ಎತ್ತಿ ಹಿಡಿದಾಗ ಸರಿಸುಮಾರು 20 ಡಿಗ್ರಿ. ಅಂದರೆ ಒಂದು ಪೆನ್ಸಿಲ್ಲಿನ ದಪ್ಪ. ಪಿಯುಸಿಯಲ್ಲಿ ಉರು ಹೊಡೆದ ಸೈನ್ ಥೀಟಾ ಕೊನೆಗೂ ಒಂದು ಈರುಳ್ಳಿ ಹೆಚ್ಚಿತು! ಹಿಡಿಯ ಚೂಪು ಅಂಚುಗಳನ್ನು ಅದೇ ಪೇಪರಿನಲ್ಲಿ ಉಜ್ಜಿ ದುಂಡಗೆ ಮಾಡಿ. ಹಿಂಬದಿಗೆ ತೂತು ಕೊರೆದು ಕೆಂಪು ದಾರ ಕಟ್ಟಿ, ಹುಲ್ಲಿನಲ್ಲಿ ಬಿದ್ದರೆ ಕಾಣಬೇಕು. ರಿವೆಟ್ ಸಡಿಲವಾಗಿ ಅಲಗು ಅಲ್ಲಾಡುತ್ತಿದ್ದರೆ ಅಲಗಿಗೂ ಹಿಡಿಗೂ ನಡುವೆ ಒಂದು ಕಾಗದದ ಚೂರು ತೂರಿಸಿ, ಸಣ್ಣ ಸುತ್ತಿಗೆಯಿಂದ ರಿವೆಟ್ ತಲೆಯನ್ನು ಹಗುರವಾಗಿ ತಟ್ಟಿ. ಕಾಗದ ಎಳೆದು ತೆಗೆದರೆ ಬೇಕಾದಷ್ಟೇ ಸಂದು ಉಳಿದಿರುತ್ತದೆ.

ಒಂದು ಕೆಲಸ ಮಾತ್ರ ಮಾಡಬೇಡಿ. ವರ್ಕ್‌ಶಾಪಿನ ಗ್ರೈಂಡರಿಗೆ ತೆಳು ಅಲಗನ್ನು ಒಣದಾಗಿ ಹಿಡಿಯಬೇಡಿ. ಕಿಡಿ ಹಾರುವುದು ಚೆಂದ, ಆದರೆ ಕಣ್ಣು ಮಿಟುಕಿಸುವುದರೊಳಗೆ ಅಂಚು ನೀಲಿಯಾಗುತ್ತದೆ. ಕಾರ್ಬನ್ ಉಕ್ಕು ನೀಲಿಗೆ ತಿರುಗಿತೆಂದರೆ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದೆ ಎಂದರ್ಥ, ಅಲ್ಲಿಗೆ ಅದರ ಹದ ಹೋಯಿತು. ಇದನ್ನು ನಾನು ಪಠ್ಯದಲ್ಲಿ ಓದುವ ಮೊದಲೇ ಊರಿನ ಕಂಬಾರ ಕಾಕಾ ಹೇಳಿದ್ದರು. ಲಾರಿಯ ಹಳೇ ಪಾಟಾ ಕಾಯಿಸಿ ಕುಡಗೋಲು ಬಡಿಯುವ ಅವರು ಥರ್ಮಾಮೀಟರ್ ಕಂಡವರಲ್ಲ. “ಗೋಧಿಹುಲ್ಲಿನ ಬಣ್ಣಕ್ಕ ಬಂದ್ರ ನಿಲ್ಸಬೇಕು ತಮ್ಮಾ. ನೀಲಿ ಆತಂದ್ರ ಹುಲ್ಲೂ ಕೊಯ್ಯಂಗಿಲ್ಲ” ಎನ್ನುತ್ತಾರೆ. ಹುಲ್ಲಿನ ಬಣ್ಣ ಎಂದರೆ ಸುಮಾರು 220–230 ಡಿಗ್ರಿ. ನಾವು ಇಂಟರ್ನಲ್ಸ್‌ಗೆ ಬರೆದು ಮರೆಯುವ ಪಾಠವನ್ನು ಅವರು ದಿನಾ ಕಣ್ಣಿನಲ್ಲೇ ಅಳೆಯುತ್ತಾರೆ. ಅಂಥವರ ಕುಲುಮೆಗೆ ನಮ್ಮಂಥ ವಿದ್ಯಾರ್ಥಿಗಳನ್ನು ಒಂದು ದಿನವಾದರೂ ಕರೆದೊಯ್ಯಬಾರದೇಕೆ? ಇದು ಬೇರೆಯೇ ಲೇಖನದ ವಿಷಯ, ಬಿಡಿ.

ಇನ್ನು ಕಷ್ಟದ ಮಾತು. ಅವ್ವನಿಗೆ ನನ್ನ ಬ್ಯಾಗಿನಲ್ಲಿ ಚಾಕು ಕಂಡಾಗ ಅವಳು ಕೇಳಿದ್ದು ಅದರ ಬೆಲೆಯನ್ನಲ್ಲ, “ಯಾರ ಜೋಡಿ ಜಗಳ ಆಗೇತಿ?” ಎಂದು. ಅವಳ ಭಯವನ್ನು ನಗೆಯಾಡುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜಿನ ಆವರಣದೊಳಗೇ ಒಬ್ಬ ವಿದ್ಯಾರ್ಥಿನಿಯನ್ನು ಚಾಕುವಿನಿಂದ ಇರಿದು ಕೊಂದರು. ತಿಂಗಳು ಕಳೆಯುವುದರೊಳಗೆ ಅದೇ ಊರಿನಲ್ಲಿ ಇನ್ನೊಬ್ಬ ಯುವತಿಯನ್ನು ಅವಳ ಮನೆಯಲ್ಲೇ. ನನ್ನ ವಯಸ್ಸಿನ ಹುಡುಗನ ಕಿಸೆಯಲ್ಲಿ ಚಾಕು ಕಂಡರೆ ಜನ ಬೆಚ್ಚುವುದು ಸಹಜ. ಹೊಲಕ್ಕೆ ಹೊರಟವರ ಕೈಯ ಕುಡಗೋಲು ಇದರ ಮೂರು ಪಟ್ಟು ದೊಡ್ಡದಿದ್ದರೂ ಯಾರೂ ಹೆದರುವುದಿಲ್ಲ, ಯಾಕೆಂದರೆ ಅದರ ಕೆಲಸ ಎಲ್ಲರಿಗೂ ಗೊತ್ತು. ‘ಕಮಾಂಡೊ’ ಚಾಕು ಕೊಳ್ಳುವ ಗೆಳೆಯರ ಮೇಲೆ ನನ್ನ ತಕರಾರು ಇರುವುದೇ ಇಲ್ಲಿ. ಹೆದರಿಸಲೆಂದೇ ಮಾಡಿದ ಆಕಾರವನ್ನು ದುಡ್ಡು ಕೊಟ್ಟು ತಂದು, ಆಮೇಲೆ ಜನ ಅನುಮಾನಿಸುತ್ತಾರೆ ಎಂದರೆ ಹೇಗೆ?

ಕಾನೂನನ್ನೂ ತಿಳಿದಿರಬೇಕು. ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗನ್ನು, ಅದು ಮನೆಗೆಲಸ, ಕೃಷಿ, ಉದ್ಯಮಗಳಿಗೆಂದು ಮಾಡಿದ್ದಲ್ಲದಿದ್ದರೆ, ಆಯುಧ ಎಂದು ಎಣಿಸುತ್ತವೆ. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಮೇಲೆ ದೆಹಲಿಯಲ್ಲಿ 1980ರಿಂದಲೇ ಇನ್ನೂ ಬಿಗಿ ಮಿತಿ ಇದೆ, 7.62 ಸೆಂ.ಮೀ. ಅಲಗೂ ಅಲ್ಲಿ ಅಪರಾಧಕ್ಕೆ ಸಾಕು. ವಿಮಾನದಲ್ಲಿ ಕೈಚೀಲದೊಳಗೆ ಒಯ್ಯುವಂತಿಲ್ಲ. ಕಾನೂನು ಏನೇ ಹೇಳಲಿ, ಕಾಲೇಜಿಗೆ ಒಯ್ಯಲೇಬಾರದು, ಸಂತೆ ಜಾತ್ರೆಗಳಿಗೂ. ಆತ್ಮರಕ್ಷಣೆಗೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಜಗಳದಲ್ಲಿ ತೆಗೆದ ಚಾಕು ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು.

ಆದ್ದರಿಂದಲೇ ನಾನು ನನ್ನ ಚಾಕುವಿಗೆ ಇನ್ನೊಂದು ಬದಲಾವಣೆ ಮಾಡಿಸಿದೆ. ಕಂಬಾರ ಕಾಕಾರ ಬಳಿ ಒಯ್ದು ಅದರ ಮೊನೆ ತೆಗೆಸಿದೆ. “ಮೊನಿ ಇಲ್ಲದ ಚಾಕು ಏನ್ ಮಾಡ್ತಿ?” ಎಂದು ಅವರು ನಕ್ಕರು. ಸಾಣೆಗೆ ಹಿಡಿದು, ಎರಡು ಸಲ ತಾಗಿಸಿ ಒಮ್ಮೆ ನೀರಿಗೆ ಅದ್ದಿ, ಬೆನ್ನನ್ನು ಮುಂದಕ್ಕೆ ಬಾಗಿಸಿ ತುದಿಯನ್ನು ಕುರಿಯ ಗೊರಸಿನಂತೆ ದುಂಡಗೆ ಮಾಡಿಕೊಟ್ಟರು. ಹಗ್ಗ ಕೊಯ್ಯುತ್ತದೆ, ಎಲೆ ಕೊಯ್ಯುತ್ತದೆ, ಈರುಳ್ಳಿ ಹೆಚ್ಚುತ್ತದೆ. ಬ್ಯಾಗಿನ ಪಟ್ಟಿಗೆ ತೂತು ಮಾಡಲು ಮಾತ್ರ ಬರುವುದಿಲ್ಲ, ಅದಕ್ಕೊಂದು ದಬ್ಬಳ ಇಟ್ಟುಕೊಂಡಿದ್ದೇನೆ. ಇರಿಯಲು ಬಾರದ ಚಾಕುವನ್ನು ನೋಡಿದ ಮೇಲೆ ಅವ್ವ ಸುಮ್ಮನಾದಳು. ಸುಮ್ಮನಾದದ್ದಷ್ಟೇ ಅಲ್ಲ, ನುಗ್ಗೇಕಾಯಿ ಹೆಚ್ಚಲು ಅದನ್ನೇ ಬಳಸತೊಡಗಿದಳು. ಈಗ ಚಾರಣಕ್ಕೆ ಹೊರಟಾಗ ಅವಳನ್ನು ಕೇಳಿ ಇಸಿದುಕೊಳ್ಳಬೇಕು.