ರೋಬೋಟ್ ಹೆಸರಿಗೆ ಮರುಳಾಗುವ ಮುನ್ನ

ನಾಸಿಕ್, ಛತ್ರಪತಿ ಸಂಭಾಜಿನಗರಗಳಲ್ಲಿ ಹೋಟೆಲ್ ಉದ್ಯಮವನ್ನು ನೆಚ್ಚಿ ನೆಲೆನಿಂತ ತುಳು-ಕನ್ನಡಿಗರಿಗೆ ಸೊಂಟನೋವು ಹೊಸದಲ್ಲ. ದಿನವಿಡೀ ನಿಂತು ದುಡಿಯುವವರು, ಅಕ್ಕಿಮೂಟೆ, ಗ್ಯಾಸ್ ಸಿಲಿಂಡರ್ ಎತ್ತುವವರು ಒಮ್ಮೊಮ್ಮೆ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯ ತನಕ ಬಂದು ನಿಲ್ಲುತ್ತಾರೆ. ಈಗ ಆ ಮಾತಿಗೆ ‘ರೋಬೋಟ್’ ಎಂಬ ಆಕರ್ಷಣೆಯೂ ಸೇರಿಕೊಂಡಿದೆ.

ಬೆನ್ನೆಲುಬನ್ನು ಬಿಗಿಗೊಳಿಸುವ ಸ್ಕ್ರೂ ಹಾದುಹೋಗುವುದು ಪೆಡಿಕಲ್ ಎಂಬ ಕಿರಿದಾದ ಮೂಳೆಯೊಳಗಿಂದ. ಪಕ್ಕದಲ್ಲೇ ನರಗಳು. ಕೆಲವೇ ಮಿಲಿಮೀಟರ್ ತಪ್ಪಿದರೂ ಕಾಲಿನ ಬಲಕ್ಕೇ ಕುತ್ತು ಬಂದೀತು. ಸಿ.ಟಿ. ಸ್ಕ್ಯಾನ್ ನೋಡಿ ವೈದ್ಯರು ಗುರುತಿಸಿದ ದಾರಿಗೆ ಸರಿಯಾಗಿ ರೋಬೋಟ್ ತನ್ನ ತೋಳನ್ನು ಹಿಡಿಯುತ್ತದೆ. ಕೊರೆದು ಸ್ಕ್ರೂ ಕೂರಿಸುವುದು ಸಾಮಾನ್ಯವಾಗಿ ವೈದ್ಯರ ಕೈಯೇ. 2004ರಲ್ಲಿ ಅಮೆರಿಕದ ಅನುಮತಿ ಪಡೆದ ಇಸ್ರೇಲಿನ ‘ಸ್ಪೈನ್‌ಅಸಿಸ್ಟ್’ ಯಂತ್ರದ ಕಾಲದಿಂದಲೂ ಮೂಲತತ್ತ್ವ ಇದೇ. ಗುರಿ ನಿಖರವಾಗುವುದು ನಿಜಕ್ಕೂ ಲಾಭ. ಆದರೆ ಸ್ಕ್ರೂ ಬೇಕೇ, ಬೇಡವೇ ಎಂಬುದನ್ನು ಯಂತ್ರ ಹೇಳದು. ಹೆಚ್ಚಿನ ಬೆನ್ನುನೋವಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಇರುವುದಿಲ್ಲ.

ರೋಬೋಟ್ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಸೂಚಿಸಿತು. ಆದರೂ ಪಾಲಿಸಿಯಲ್ಲಿ ಅದಕ್ಕೆ ಪ್ರತ್ಯೇಕ ಮಿತಿ ಇರಬಹುದು. ಮಿತಿ ಮೀರಿದ ಹಣ ರೋಗಿಯ ಕಿಸೆಯಿಂದಲೇ ಹೋಗಬೇಕು.

ಬಿಲ್ ಬಂದ ಮೇಲೆ ಧನಸಂಗ್ರಹಕ್ಕೆ ಓಡಾಡುವ ನಮ್ಮ ಸಂಘ-ಸಂಸ್ಥೆಗಳ ಸೇವೆ ಶ್ಲಾಘನೀಯ. ಅದಕ್ಕೂ ಮೊದಲೇ ಸದಸ್ಯರನ್ನು ಇನ್ನೊಬ್ಬ ತಜ್ಞರ ಬಳಿ ಕರೆದೊಯ್ದು, ಶಸ್ತ್ರಚಿಕಿತ್ಸೆ ಅನಿವಾರ್ಯವೇ, ವೈದ್ಯರಿಗೆ ಇದರಲ್ಲಿ ಎಷ್ಟು ಅನುಭವವಿದೆ, ವಿಮೆ ಎಷ್ಟು ಕೊಡುತ್ತದೆ ಎಂದು ಕೇಳಲು ನೆರವಾಗಲಿ. ಮರಾಠಿಯಲ್ಲಿ ನಾಲ್ಕು ಮಾತು ಕೇಳಬಲ್ಲ ಒಬ್ಬ ಕಾರ್ಯಕರ್ತ ಜೊತೆಗಿದ್ದರೂ ಊರಿನ ಜಾಗ ಅಡವಿಡುವ ಸಂಕಟ ಎಷ್ಟೋ ಕುಟುಂಬಗಳಿಗೆ ತಪ್ಪೀತು.